ಅಂಗಳದ ದೀಪ: ಬಾಕ್ಸಿಗೆ ತೂತು ಕೊರೆದ ಮೇಲೆ ಟ್ರಿಪ್ ನಿಂತಿತು

ಮೂರು ಆಟಿ (ಜಡಿಮಳೆಯ ತುಳು ತಿಂಗಳು) ಕಳೆದವು, ಅಂಗಳದ ಸರ್ಕ್ಯೂಟ್ ಒಮ್ಮೆಯೂ ಟ್ರಿಪ್ ಆಗಲಿಲ್ಲ. ಗೇಟಿನ ಎರಡು ಕಂಬ, ತುಳಸಿಕಟ್ಟೆ, ಬಾವಿಯ ದಾರಿ, ಹಿಂದಿನ ತೆಂಗಿನ ಸಾಲು ಎಲ್ಲ ಸೇರಿ ಹನ್ನೊಂದು ದೀಪ, ಅರುವತ್ತು ಮೀಟರ್ ಚಿಲ್ಲರೆ ಕೇಬಲ್. ಮಲ್ಪೆ ಕಡಲಿನ ಉಪ್ಪುಗಾಳಿ ನೇರ ಬಡಿಯುವ ಜಾಗ. ಕೇಬಲ್ ಜೋಡಿಸುವ ಬಾಕ್ಸುಗಳ ಅಡಿಗೆ ಡ್ರಿಲ್ ಹಿಡಿದಾಗ ಜೊತೆಗಿದ್ದ ಇಲೆಕ್ಟ್ರಿಶಿಯನ್, "ಎಂತ ಮಾರಾಯ್ರೆ, ನೀರು ಬರ್ಬಾರ್ದು ಅಂತ ಐಪಿ65 ಬಾಕ್ಸ್ ತಂದು ನೀವೇ ತೂತು ಮಾಡುದಾ?" ಎಂದು ನಕ್ಕಿದ್ದರು. ಈಗ ಅವರೇ ಬೇರೆ ಮನೆಗಳಲ್ಲಿ ಕೊರೆಯುತ್ತಿದ್ದಾರೆ.

ಮೊದಲ ವರ್ಷ ನಾನೂ ಎಲ್ಲರ ಹಾಗೆ ಸಿಲಿಕಾನ್ ಬಳಿದು ಮುಚ್ಚಿದ್ದೆ. ಆಗಸ್ಟಿನಲ್ಲಿ ತೆರೆದರೆ ಒಂದು ಬಾಕ್ಸಿನಲ್ಲಿ ಅರ್ಧ ಲೋಟ ನೀರು. ಮಳೆ ನೇರ ನುಗ್ಗಿದ್ದಲ್ಲ. ಸಂಜೆ ದೀಪ ಉರಿದು ಒಳಗಿನ ಗಾಳಿ ಬಿಸಿಯಾಗುತ್ತದೆ, ಮೇಲೆ ಒಂದು ಮಳೆ ಬಿದ್ದರೆ ಥಟ್ಟನೆ ತಣಿದು ಕುಗ್ಗುತ್ತದೆ, ಸಿಕ್ಕಿದ ಸಂದಿಯಿಂದ ತೇವ ಎಳೆದುಕೊಳ್ಳುತ್ತದೆ. ಐಪಿ65 ಮುದ್ರೆ ಹೊರಗಿನಿಂದ ಬಡಿಯುವ ನೀರಿನ ಮಾತು, ಈ ಉಸಿರಾಟದ್ದಲ್ಲ. ಒಳಗೆ ಹೋದದ್ದಕ್ಕೆ ಹೊರಗೆ ದಾರಿಯಿಲ್ಲ, ದಿನಕ್ಕೆ ನಾಲ್ಕು ಹನಿ ಸೇರಿ ಅರ್ಧ ಲೋಟ. ಸಾಲದ್ದಕ್ಕೆ ಹುಳಿ ವಾಸನೆಯ ಅಗ್ಗದ ಸಿಲಿಕಾನ್ ತಾಮ್ರವನ್ನು ಹಸಿರುಗಟ್ಟಿಸಿತ್ತು. ಹಚ್ಚಲೇಬೇಕಿದ್ದರೆ ನ್ಯೂಟ್ರಲ್ ಕ್ಯೂರ್ ಎಂದು ಬರೆದದ್ದನ್ನೇ ತನ್ನಿ.

ಈಗ ಮಾಡಿರುವುದು ಹೀಗೆ. ಬಾಕ್ಸ್ ನೆಲದಿಂದ ಒಂದಡಿ ಮೇಲೆ, ಗೇಟಿನ ಬಳಿ ನೀರು ನಿಲ್ಲುವುದರಿಂದ ಅಲ್ಲಿ ಒಂದೂವರೆ. ಎಲ್ಲ ಕೇಬಲ್ ಕೆಳಗಿನಿಂದಲೇ, ಕೇಬಲನ್ನು ಬಿಗಿಯಾಗಿ ಹಿಡಿಯುವ ಗ್ಲ್ಯಾಂಡ್ ಮೂಲಕ. ಕನೆಕ್ಟರ್‌ಗಳು ಬಾಕ್ಸಿನ ಮೇಲರ್ಧದಲ್ಲಿ. ಅತಿ ತಗ್ಗಿನ ಮೂಲೆಯಲ್ಲಿ 5 ಮಿ.ಮೀ. ತೂತು. ದೀಪಕ್ಕೆ ಮಾತ್ರ ಯಾರೂ ಕೊರೆಯಬೇಡಿ, ಒಳಗೆ ಅದಕ್ಕೆ ಕರೆಂಟ್ ಹೊಂದಿಸುವ ಡ್ರೈವರ್ ಇರುತ್ತದೆ. ತೂತಿಟ್ಟರೆ ಇರುವೆ ಬರುವುದಿಲ್ಲವೇ? ಬರುತ್ತದೆ, ಮೊದಲ ತಿಂಗಳು ಗೂಡೇ ಕಟ್ಟಿತ್ತು. ಅದಕ್ಕೆ ಏನು ಕಟ್ಟಿದೆ, ಏನು ಹಚ್ಚಿದೆ ಎಂಬುದು ನನ್ನಲ್ಲೇ ಇರಲಿ. ನಾಲ್ಕು ಬಗೆ ಹಾಳು ಮಾಡಿ ಕಲಿತದ್ದು.

ನೀರಿನ ಇನ್ನೊಂದು ದಾರಿ ಹೆಚ್ಚಿನವರಿಗೆ ತಿಳಿದಿಲ್ಲ: ದೀಪದೊಂದಿಗೆ ಬರುವ ವೈರಿನ ಒಳಗೇ. ಅದರ ಕತ್ತರಿಸಿದ ತುದಿ ತೇವದಲ್ಲಿದ್ದರೆ ತಣಿಯುವ ದೀಪ ಎಳೆಗಳ ನಡುವಿನಿಂದ ಬತ್ತಿಯ ಹಾಗೆ ನೀರು ಹೀರುತ್ತದೆ. ಗಾಜಿನ ಒಳಗೆ ಮಂಜು ಕಂಡರೆ ಗ್ಯಾಸ್ಕೆಟ್ಟನ್ನು ಬೈಯುವ ಮೊದಲು ಆ ತುದಿ ನೋಡಿ. ನಾನು ಜೆಲ್ ತುಂಬಿದ ಕನೆಕ್ಟರ್ ಹಾಕಿದೆ, ದೀಪಕ್ಕೆ ಮೂರು. ಟೇಪ್ ಸುತ್ತಿದ್ದು ಯಾವುದೂ ಎರಡನೆಯ ಮಳೆಗಾಲ ಕಾಣಲಿಲ್ಲ.

ಮಣ್ಣಿನೊಳಗೆ ಒಂದೂ ಜಾಯಿಂಟ್ ಇಲ್ಲ. ಒಳಗೆ ಮೂರು ತಂತಿ (ಕೋರ್), ಮೇಲೆ ಉಕ್ಕಿನ ಕವಚ (ಆರ್ಮರ್) ಇರುವ 1.5 ಚದರ ಮಿ.ಮೀ. ತಾಮ್ರದ ಆರ್ಮರ್ಡ್ ಕೇಬಲ್ ಒಂದು ಬಾಕ್ಸಿಗೆ ಏರಿ, ಇಳಿದು, ಮುಂದಿನದಕ್ಕೆ ಹೋಗುತ್ತದೆ. ಲೋಡ್ ಎಲ್ಲ ಸೇರಿ 80 ವಾಟ್ ಇಲ್ಲ, 2.5 ಬೇಕೇ ಬೇಕು ಎಂದು ಅಂಗಡಿಯಲ್ಲಿ ಹೇಳಿದ್ದು ಸುಮ್ಮನೆ. ಮೀಟರಿಗೆ ನೂರೈವತ್ತರ ಆಸುಪಾಸು ಕೊಟ್ಟ ನೆನಪು. ಅರ್ಥಿಗೆ ಮೂರನೆಯ ಕೋರ್. ಆರ್ಮರನ್ನೂ ಗ್ಲ್ಯಾಂಡಿನಲ್ಲಿ ಅರ್ಥಿಗೆ ಸೇರಿಸಿದ್ದೇನೆ, ಆದರೆ ಈ ಗಾಳಿಯಲ್ಲಿ ಅದೊಂದನ್ನೇ ನೆಚ್ಚಿಕೊಂಡು ಕೂರುವ ಹಾಗಿಲ್ಲ.

ಹೊಂಡ ತೋಡುವುದೇ ದೊಡ್ಡ ಖರ್ಚು. ಮಣ್ಣಿದ್ದಲ್ಲಿ ಒಂದೂವರೆ ಅಡಿ ಸಲೀಸು. ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಸಿಕ್ಕಿದಲ್ಲಿ ಎಂಟು ಇಂಚಿಗೇ ಪಿಕಾಸಿ ಸೋತಿತು. ಅಲ್ಲಿ ಜಿಐ ಪೈಪಿನೊಳಗೆ ಹಾಕಿ ಮೇಲೆ ಕಾಂಕ್ರೀಟ್. ಕಾರು ಹೋಗುವಲ್ಲಿಯೂ ಹಾಗೇ. ಮುರಕಲ್ಲಿನ ಚೂರು ಕೇಬಲಿನ ಮೈ ಒತ್ತಬಾರದು, ಕೆಳಗೂ ಮೇಲೂ ಎರಡೆರಡು ಇಂಚು ಜರಡಿ ಹಿಡಿದ ಮಣ್ಣು. ಅದರ ಮೇಲೆ ಹಳೆ ಮನೆ ಬಿಚ್ಚಿದಾಗ ಉಳಿದ ಮಂಗಳೂರು ಹಂಚು ಸಾಲಾಗಿ ಕವುಚಿದೆ: ಹಾರೆ ಬಿದ್ದರೆ ಮೊದಲು ಹಂಚಿನ ಸದ್ದು, ಹೆಗ್ಗಣಕ್ಕೂ ಕಷ್ಟ, ಖರ್ಚು ಸೊನ್ನೆ. ನೆಲದಿಂದ ಅರ್ಧ ಅಡಿ ಕೆಳಗೆ ಎಚ್ಚರಿಕೆಯ ಟೇಪ್. ಮುಚ್ಚುವ ಮೊದಲು ಗೋಡೆಯಿಂದ ಅಳತೆ ಹಿಡಿದು ಫೋಟೋ ತೆಗೆದಿಟ್ಟೆ.

ಇನ್ನು ಅರ್ಥಿಂಗ್. ಮಳೆಗಾಲದಲ್ಲಿ ಅಳೆದು ಸಮಾಧಾನಪಟ್ಟುಕೊಳ್ಳಬೇಡಿ. ಇದ್ದಿಲು-ಉಪ್ಪಿನ ಹಳೆಯ ಗುಂಡಿ ನಮ್ಮಲ್ಲಿಯೂ ಇತ್ತು. ನಮ್ಮೂರಿನ ಮಳೆಗೆ ಉಪ್ಪು ಎಷ್ಟು ವರ್ಷ ನಿಂತೀತು? ಏಪ್ರಿಲ್‌ನಲ್ಲಿ ಅಳೆದರೆ 50 ಓಮ್ ಹತ್ತಿರ. ಮನೆಯ 230 ವೋಲ್ಟನ್ನು 50ರಿಂದ ಭಾಗಿಸಿದರೆ 4.6 ಆಂಪಿಯರ್. ಅಂದರೆ ಕಬ್ಬಿಣದ ಕಂಬಕ್ಕೆ ಫೇಸ್ ತಗುಲಿದರೂ ಹೆಚ್ಚು ಕರೆಂಟ್ ಹರಿದರೆ ಮಾತ್ರ ಕಡಿಯುವ 6 ಆಂಪಿಯರಿನ ಎಂಸಿಬಿ ಕದಲುವುದಿಲ್ಲ, ಕಂಬದಲ್ಲಿ ಕರೆಂಟ್ ಹಾಗೇ ಇರುತ್ತದೆ. ಎಂಸಿಬಿ ಇದೆಯಲ್ಲ, ಅರ್ಥಿಗೆ ಸೋರುವ ಕರೆಂಟ್ ಹಿಡಿದು ಕಡಿಯುವ ಆರ್‌ಸಿಸಿಬಿ ಯಾಕೆ ಎನ್ನುವವರಿಗೆ ಈ ಭಾಗಾಕಾರ ಸಾಕು. 30 ಮಿಲಿಆಂಪಿಯರಿನದ್ದೇ ಬೇಕು. ನಾನು ಅಂಗಳಕ್ಕೆ ಪ್ರತ್ಯೇಕ ಹಾಕಿಸಿದೆ, ಎರಡು ಸಾವಿರ ಚಿಲ್ಲರೆ.

ಹೊಸ ಅರ್ಥ್ ರಾಡನ್ನು ಸುತ್ತಿಗೆಯಲ್ಲಿ ಹೊಡೆಯಲು ಹೋಗಿ ಮುರಕಲ್ಲಿಗೆ ಬಾಗಿತು, ಸಾವಿರದ ನಾನೂರು ಮಣ್ಣುಪಾಲು. ಆಮೇಲೆ ಬಚ್ಚಲ ನೀರು ಹೋಗುವ ತೆಂಗಿನ ಬುಡದ ಹತ್ತಿರ ಡ್ರಿಲ್ ಹಾಕಿಸಿ, ಮೂರು ಮೀಟರಿನ ಎರಡು ರಾಡ್ ಇಳಿಸಿ, ತೇವ ಹಿಡಿಯುವ ಬೆಂಟೊನೈಟ್ ಜೇಡಿ ತುಂಬಿದೆ. ಎರಡರ ನಡುವೆ ರಾಡಿನ ಉದ್ದಕ್ಕಿಂತ ಹೆಚ್ಚು ಅಂತರ. ಬೇಸಗೆಯಲ್ಲೂ ಅಲ್ಲಿ ಹಸಿ ಆರುವುದಿಲ್ಲ. ಈಗ ಏಪ್ರಿಲ್ ರೀಡಿಂಗ್ 14ರ ಹತ್ತಿರ.

ಪ್ರತ್ಯೇಕ ಆರ್‌ಸಿಸಿಬಿ ಏಕೆಂದರೆ, ಸ್ವಿಚ್ ಫೇಸನ್ನು ಮಾತ್ರ ಕಡಿಯುತ್ತದೆ. ಹೊರಗೆ ನ್ಯೂಟ್ರಲ್ ಒದ್ದೆಯಾಗಿ ಅರ್ಥಿಗೆ ಸೇರಿದರೆ ದೀಪ ಆಫ್ ಇದ್ದರೂ ಇಡೀ ಮನೆ ಟ್ರಿಪ್. ರಾತ್ರಿ ಹಾಗಾಗಿ ಫ್ರಿಜ್ಜಿನ ಬಂಗುಡೆ ಬೆಕ್ಕಿನ ಪಾಲಾದದ್ದುಂಟು. ಅದಕ್ಕೇ ಅಂಗಳಕ್ಕೆ ಡಬಲ್ ಪೋಲ್ ಎಂಸಿಬಿ, ಎರಡನ್ನೂ ಕಡಿಯುವಂಥದ್ದು. ಇನ್ನೊಂದು ಕಾಟ ಇನ್ವರ್ಟರ್: ಗೇಟಿನ ದೀಪಕ್ಕೆ ಯಾರೋ ಇನ್ವರ್ಟರ್ ಲೈನಿನ ನ್ಯೂಟ್ರಲ್ ಕೊಟ್ಟಿದ್ದರು, ಹೋದ ಕರೆಂಟ್ ಬೇರೆ ದಾರಿಯಲ್ಲಿ ಮರಳಿ, ಸೋರಿಕೆಯೆಂದು ತಿಳಿದು ಆರ್‌ಸಿಸಿಬಿ ಸ್ವಿಚ್ ಒತ್ತಿದ ಕೂಡಲೇ ಟ್ರಿಪ್. ಕೇಬಲ್ ಕೆಟ್ಟಿದೆಯೆಂದು ಎರಡು ದಿನ ಅಗೆದದ್ದು ವ್ಯರ್ಥ. ಬೋರ್ಡಿನ ಕೆಲಸ ಎಲ್ಲ ಲೈಸೆನ್ಸ್ ಇದ್ದವರ ಕೈಯಲ್ಲೇ ಮಾಡಿಸಿದ್ದು. ಹೊರಗೆ ಬಾಕ್ಸ್ ತೆರೆಯುವ ಮೊದಲು ಡಬಲ್ ಪೋಲ್ ಇಳಿಸಿ, ಯಾರೂ ಏರಿಸದ ಹಾಗೆ ಟೇಪ್ ಸುತ್ತಿ, ಮೀಟರ್ ಹಿಡಿದು ನೋಡುವುದು. ಟೆಸ್ಟರಿನ ಮಿಣುಕು ನಂಬುವಂಥದ್ದಲ್ಲ.

ಸ್ಕ್ರೂ ವಿಷಯ ಚಿಕ್ಕದೆನಿಸಬಹುದು. ಸ್ಟೀಲ್ ಎಂದು ಕೊಡುವುದು ಬಹಳ ಸಲ 202 ಎಂಬ ಅಗ್ಗದ ದರ್ಜೆ, ಒಂದೇ ಮಳೆಗಾಲಕ್ಕೆ ಕೆಂಪು. ಅಯಸ್ಕಾಂತ ಹಿಡಿದು ಪ್ರಯೋಜನವಿಲ್ಲ, ಅದಕ್ಕೂ ಅಂಟುವುದಿಲ್ಲ. ಬೋಟಿನ ಸಾಮಾನು ಮಾರುವ ಅಂಗಡಿಯಲ್ಲಿ ಉಪ್ಪುಗಾಳಿ ತಾಳುವ 316 ದರ್ಜೆ ಕೇಳಿ ತಂದೆ. ಎರಡು ಸಾವಿರದ ಅಲ್ಯೂಮಿನಿಯಂ ಗೇಟ್‌ಲೈಟಿನ ಬಣ್ಣ ಎರಡನೆಯ ವರ್ಷ ಗುಳ್ಳೆ ಎದ್ದು ಸುಲಿಯಿತು. ನಾನೂರೈವತ್ತರ ಪಾಲಿಕಾರ್ಬೊನೇಟ್ (ಗಟ್ಟಿ ಪ್ಲಾಸ್ಟಿಕ್) ಬಲ್ಕ್‌ಹೆಡ್ ದೀಪ ಇವತ್ತಿಗೂ ಸರಿಯಿದೆ. ಚಂದಕ್ಕೆ ಬೇಕಾದರೆ ಅಲ್ಯೂಮಿನಿಯಂ ಹಾಕಿ.

ನಡುವೆ ಪ್ರಯೋಗಗಳೂ ಆದವು. ಸೋಲಾರ್ ಕಂಬ ಜೂನ್-ಜುಲೈಯಲ್ಲಿ ಗಂಟೆ ಹೊತ್ತೂ ಉರಿಯಲಿಲ್ಲ. 12 ವೋಲ್ಟ್ ಹಾಕಿದರೆ 35 ಮೀಟರ್ ಆಚೆಯ ದೀಪ ಮಂಕು, ದಪ್ಪ ಕೇಬಲ್ ಎಳೆದರೆ ಉಳಿತಾಯ ಎಲ್ಲಿ? ಫೋಟೋಸೆನ್ಸರ್ ಮೋಡ ಕವಿದರೆ ಸಂಜೆ ನಾಲ್ಕಕ್ಕೇ ದೀಪ ಹಚ್ಚುತ್ತಿತ್ತು, ಅದನ್ನು ಕಿತ್ತು ಸೂರ್ಯಾಸ್ತ ಲೆಕ್ಕ ಹಾಕುವ ಟೈಮರ್ ಹಾಕಿದೆ. ನಮ್ಮಲ್ಲಿ ಸೂರ್ಯ ಮುಳುಗುವುದು ನವೆಂಬರಿನಲ್ಲಿ 6ಕ್ಕೆ, ಜುಲೈ ಹೊತ್ತಿಗೆ 7 ದಾಟಿ. ಮಾಮೂಲಿ ಟೈಮರಿನಲ್ಲೂ ವರ್ಷಕ್ಕೆ ಮೂರು ಸಲ ತಿರುಗಿಸಿದರೆ ಆದೀತು. ಬಿಳಿ ಬೆಳಕಿನ ಬದಲು 2700 ಕೆಲ್ವಿನ್ನಿನ ಹಳದಿ ಹಾಕಿದ ಮೇಲೆ ಮೊದಲ ಮಳೆಯ ಹಾತೆಗಳ ಮುತ್ತಿಗೆ ಅರ್ಧಕ್ಕಿಳಿದಿದೆ, ಅವುಗಳ ಹಿಂದೆ ಬರುವ ಹಲ್ಲಿಯೂ.

ಎಲ್ಲ ಸೇರಿ ಮೂವತ್ತೊಂದು ಸಾವಿರದ ಒಳಗೆ, ಅದರಲ್ಲಿ ಒಂಬತ್ತು ಸಾವಿರ ಹಾಳು ಮಾಡಿದ್ದು. ಮೇ ಕೊನೆಯ ಪತ್ತನಾಜೆಗೆ ಮೊದಲೊಮ್ಮೆ, ಆಟಿಯಲ್ಲೊಮ್ಮೆ ವೈರಿನ ಇನ್ಸುಲೇಶನ್ ಅಳೆಯುವ ಮೆಗ್ಗರ್ ಹಿಡಿಯುತ್ತೇನೆ. ದೀಪ, ಟೈಮರ್, ಸಿಡಿಲಿನಂಥ ಏರು ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರ್ ಬಿಚ್ಚಿಟ್ಟು, ಫೇಸ್-ನ್ಯೂಟ್ರಲ್ ಒಟ್ಟಿಗೆ ಕಟ್ಟಿ ಅರ್ಥಿಗೆ 500 ವೋಲ್ಟ್. ಬಿಚ್ಚದೆ ಕೊಟ್ಟರೆ ಡ್ರೈವರ್ ಸಾಯುತ್ತದೆ, ಎರಡು ಸತ್ತಿವೆ. ಬೇಸಗೆಯಲ್ಲಿ ನೂರು ಮೆಗಾಓಮ್ ಮೇಲೆ, ಆಟಿಯಲ್ಲಿ ಇಪ್ಪತ್ತರ ಹತ್ತಿರ. ಒಂದಕ್ಕಿಳಿದರೆ ದೀಪ ಹಚ್ಚದೆ ಬಾಕ್ಸ್ ಹುಡುಕುವುದು. ಆರ್‌ಸಿಸಿಬಿಯ ಟೆಸ್ಟ್ ಗುಂಡಿ ತಿಂಗಳಿಗೊಮ್ಮೆ. ಅರ್ಥಿಂಗ್ ಇಲ್ಲದಿದ್ದರೂ ಆ ಗುಂಡಿ ಟ್ರಿಪ್ ಮಾಡುತ್ತದೆ, ಹಾಗಾಗಿ ರಾಡಿನ ಅಳತೆ ಏಪ್ರಿಲ್‌ನಲ್ಲಿ ಬೇರೆಯೇ.