ಹೆಬ್ಬಲಸಿನ ಬೀಜ ಎಸೆಯಬೇಡಿ, ಗಿಡ ಮಾಡಿ

ಪತ್ತನಾಜೆ (ಮೇ ಕೊನೆಗೆ ಬರುವ ತುಳುವರ ವಿಶೇಷ ದಿನ) ಹತ್ತಿರ ಬರುವ ಹೊತ್ತಿಗೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಗುಡ್ಡೆಗಳಲ್ಲಿ ಹೆಬ್ಬಲಸು ಹಣ್ಣಾಗಿರುತ್ತದೆ. ತುಳುವಿನಲ್ಲಿ ಪೆಜಕಾಯಿ, ಮಲಯಾಳದಲ್ಲಿ ಆಂಜಿಲಿ. ಇದು ಪಶ್ಚಿಮ ಘಟ್ಟದ ಸ್ವಂತ ಮರ. ದೋಣಿಗೆ, ಬಾಗಿಲಿಗೆ ಒಳ್ಳೆಯದು ಅಂತ ಕಡಿದವರು ಜಾಸ್ತಿ, ನೆಟ್ಟವರು ಕಡಿಮೆ. ತಿಂದುಳಿದ ಬೀಜದಿಂದಲೇ ಗಿಡ ಮಾಡಬಹುದು. ತಡ ಮಾಡುವ ಹಾಗಿಲ್ಲ, ಅಷ್ಟೇ.

ಮರ ನೆಟ್ಟಗೆ ಮೇಲೆ ಹೋಗುತ್ತದೆ, ಹಣ್ಣು ಗೆಲ್ಲಿನ ತುದಿಯಲ್ಲಿ. ಹತ್ತುವ ಸಾಹಸ ಬೇಡ. ಗಾಳಿಗೆ ಬಿದ್ದದ್ದನ್ನು ಬೆಳಿಗ್ಗೆ ಬೇಗ ಹೆಕ್ಕಿ. ಕೈಗೆ ತೆಂಗಿನೆಣ್ಣೆ ಸವರಿಕೊಂಡು ಮುಳ್ಳುಸಿಪ್ಪೆ ಸುಲಿಯಿರಿ, ಇಲ್ಲದಿದ್ದರೆ ಮೇಣ ಬಿಡುವುದಿಲ್ಲ. ಒಳಗೆ ಕಿತ್ತಳೆ ಬಣ್ಣದ ಪುಟ್ಟ ಸೊಳೆಗಳು, ಒಂದೊಂದರಲ್ಲಿ ಒಂದೊಂದು ಬೀಜ. ಬೀಜದ ಗಿಡ ತಾಯಿಮರದ ಹಾಗೆಯೇ ಬರುತ್ತದೆ ಎನ್ನಲಾಗದು. ಆದರೂ ಸಿಹಿ ಹಣ್ಣಿನ ಬೀಜವನ್ನೇ ಆರಿಸುವುದು ಒಳ್ಳೆಯದು, ಅಲ್ವಾ?

ಹುರಿದು ತಿನ್ನಲು ಬೇಕಾದಷ್ಟು ಬೀಜ ತೆಗೆದಿಡಿ. ಉಳಿದದ್ದನ್ನು ಲೋಳೆ ಹೋಗುವ ತನಕ ತೊಳೆದು ನೀರಿಗೆ ಹಾಕಿ. ತೇಲಿದ್ದು ಬೇಡ, ಮುಳುಗಿದ್ದು ಸಾಕು. ಬಿಸಿಲಿಗೆ ಹಾಕಲೇಬೇಡಿ. ಈ ಬೀಜ ಒಣಗಿದರೆ ಸತ್ತ ಹಾಗೆ. ಡಬ್ಬಿಯಲ್ಲಿ ತೆಗೆದಿಟ್ಟು ಮುಂದಿನ ವರ್ಷ ಬಿತ್ತುತ್ತೇನೆ ಎಂದರೆ ಆಗದ ಮಾತು. ನೆರಳಲ್ಲಿ ನೀರಾರಿಸಿ ಎರಡು-ಮೂರು ದಿನದೊಳಗೆ ಬಿತ್ತಿ.

ಪ್ಲಾಸ್ಟಿಕ್ ತೊಟ್ಟೆಗೆ ಕೆಂಪುಮಣ್ಣು, ಹೊಯ್ಗೆ (ಮರಳು), ಹಟ್ಟಿಗೊಬ್ಬರ ಬೆರೆಸಿ ತುಂಬಿ. ತಳಕ್ಕೆ ತೂತು ಇರಲಿ. ಬೀಜ ಅರ್ಧ ಇಂಚು ಆಳಕ್ಕೆ ಇಟ್ಟರೆ ಸಾಕು. ಹೆಗ್ಗಣ, ಅಳಿಲು ಬಿಡುವುದಿಲ್ಲ. ಮೇಲೆ ಬಲೆ ಮುಚ್ಚಿ. ನೆರಳಲ್ಲಿಟ್ಟು ಪಸೆ ಆರದ ಹಾಗೆ ನೀರು ಕೊಟ್ಟರೆ ಕೆಲವೇ ವಾರಗಳಲ್ಲಿ ಮೊಳಕೆ ಬರುತ್ತದೆ. ಎಳೆಗಿಡದ ಎಲೆ ಜೀಗುಜ್ಜೆಯದ್ದರ (ದೀವಿಹಲಸಿನ) ಹಾಗೆ ಸೀಳು ಸೀಳು, ಮುಟ್ಟಿದರೆ ಒರಟು ರೋಮ. ಇದು ಬೇರೇನೋ ಅಂತ ಕಿತ್ತು ಹಾಕಬೇಡಿ. ಮರ ದೊಡ್ಡದಾದಂತೆ ಎಲೆಯ ಸೀಳು ಮಾಯವಾಗುತ್ತದೆ.

ಮುಂದಿನ ವರ್ಷದ ಜೂನಿನಲ್ಲಿ, ಮಳೆ ಹಿಡಿದ ಮೇಲೆ ನೆಡಿ. ಮನೆಯ ಮಾಡು, ಕರೆಂಟು ಲೈನು, ಅಡಿಕೆ ತೋಟದಿಂದ ದೂರ, ಗುಡ್ಡೆಯ ಬದಿ ಸರಿಯಾದ ಜಾಗ. ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಸಿಕ್ಕಿದರೆ ಒಂದೂವರೆ ಅಡಿಯಾದರೂ ಗುಂಡಿ ತೋಡಿ ಮೇಲ್ಮಣ್ಣು ತುಂಬಿ. ದನ ಬಾಯಿ ಹಾಕದ ಹಾಗೆ ಬೇಲಿ ಬೇಕು. ಮೊದಲ ಎರಡು ಬೇಸಗೆ ಬುಡಕ್ಕೆ ತರಗೆಲೆ ಹಾಸಿ, ವಾರಕ್ಕೆ ಎರಡು ಸಲ ಒಂದೊಂದು ಕೊಡ ನೀರು ಕೊಡಿ.