ನೊರೆ ಬಂತಾ, ಒಲೆ ಆರಿಸಿ

ಒಬ್ಬನೇ ರೂಮು ಮಾಡಿಕೊಂಡಿದ್ದಾಗ ಮೊದಲ ಸಲ ಸಾರು ಮಾಡಿದೆ. ತೊಗರಿಬೇಳೆ, ಟೊಮೇಟೊ, ಹುಣಸೆರಸ, ಸಾರಿನಪುಡಿ ಎಲ್ಲಾ ಒಟ್ಟಿಗೆ ಕುಕ್ಕರಿಗೆ ಹಾಕಿ ಕೂಗಿಸಿದ್ದೆ. ಮುಚ್ಚಳ ತೆಗೆದರೆ ಬೇಳೆ ಕಾಳುಕಾಳಾಗೇ ಇತ್ತು. ಅಮ್ಮನಿಗೆ ಫೋನ್ ಮಾಡಿದೆ. "ಹುಳಿ ಬಿದ್ದ ಮೇಲೆ ಬೇಳೆ ಎಲ್ಲಿ ಬೇಯುತ್ತೋ?" ಅಂತ ನಕ್ಕರು.

ಈಗ ಬೇಳೆ ಬೇರೆ, ಹುಳಿ ಬೇರೆ. ನಾಲ್ಕು ಜನಕ್ಕೆ ಕಾಲು ಕಪ್ ಬೇಳೆ ಸಾಕು. ಚಿಟಿಕೆ ಅರಿಶಿನ, ಎರಡು ಹನಿ ಎಣ್ಣೆ ಹಾಕಿ ಮೆತ್ತಗೆ ಬೇಯಿಸಿ ಮಸೆಯುತ್ತೇನೆ. ಬೇಳೆ ಜಾಸ್ತಿಯಾದರೆ ಅದು ಸಾರೂ ಅಲ್ಲ, ಹುಳಿಯೂ ಅಲ್ಲ.

ಪುಡಿ ಮನೆಯದೇ. ಒಂದು ಕಪ್ ಧನಿಯಕ್ಕೆ ಹದಿನೈದು ಬ್ಯಾಡಗಿ ಮೆಣಸಿನಕಾಯಿ, ಎರಡು ಚಮಚ ಜೀರಿಗೆ, ಒಂದು ಚಮಚ ಕಾಳುಮೆಣಸು, ಅರ್ಧರ್ಧ ಚಮಚ ಮೆಂತ್ಯ ಮತ್ತು ಸಾಸಿವೆ, ಒಂದು ಹಿಡಿ ಕರಿಬೇವು. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಮ್ಮಿ. ಖಾರ ಬೇಕು ಅನ್ನುವವರು ನಾಲ್ಕೈದು ಗುಂಟೂರು ಸೇರಿಸಿಕೊಳ್ಳಿ. ಒಂದೊಂದನ್ನೂ ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಬೇಕು, ಯಾಕಂದ್ರೆ ಧನಿಯ ಘಮ್ಮೆನ್ನುವಷ್ಟರಲ್ಲಿ ಜೊತೆಗೆ ಹಾಕಿದ ಮೆಂತ್ಯ ಕಪ್ಪಾಗಿಬಿಟ್ಟಿರುತ್ತದೆ. ಒಂದು ಸಲ ಹಾಗೇ ಆಗಿ, ಡಬ್ಬಿ ಪುಡಿ ಕಹಿ. ಚೆಲ್ಲೋಕೆ ಮನಸ್ಸು ಬರದೆ ಒಂದು ತಿಂಗಳು ಬೆಲ್ಲ ಹಾಕಿಹಾಕಿ ತಿಂದೆ.

ಸಣ್ಣ ನಿಂಬೆಹಣ್ಣಿನಷ್ಟು ಹುಣಸೆ ನೆನೆಸಿ, ಕಿವುಚಿ, ರಸಕ್ಕೆ ಟೊಮೇಟೊ, ಉಪ್ಪು, ಕರಿಬೇವು ಹಾಕಿ ಕುದಿಯೋಕೆ ಇಡುತ್ತೇನೆ. ಇಲ್ಲಿ ಅವಸರ ಬೇಡ. ಮೂಗಿಗೆ ಅಡರುವ ಆ ಹಸಿ ವಾಸನೆ ಹೋಗಲೇಬೇಕು, ಹತ್ತು ನಿಮಿಷವಾದರೂ ಬೇಕಾಗುತ್ತದೆ. ಆಮೇಲೆ ಎರಡು ಚಮಚ ಪುಡಿ, ಅಡಿಕೆಯಷ್ಟು ಬೆಲ್ಲ. ಒಂದೆರಡು ನಿಮಿಷ ಬಿಟ್ಟು ಮಸೆದ ಬೇಳೆ, ಮೂರು ಕಪ್ ನೀರು.

ಇನ್ನು ಒಲೆ ಬಿಟ್ಟು ಅಲ್ಲಾಡಬೇಡಿ, ಫೋನ್ ಬಂದರೂ ಅಷ್ಟೇ. ಮೊದಲು ಪಾತ್ರೆಯ ಅಂಚಿನಲ್ಲಿ ಸಣ್ಣಸಣ್ಣ ಗುಳ್ಳೆ ಕಟ್ಟುತ್ತದೆ, ಆಮೇಲೆ ತಿಳಿ ಹಳದಿ ನೊರೆ ನಡುವಿಗೆ ಬಂದು ಕೂಡಿಕೊಂಡು ಇಡೀ ಸಾರು ನಿಧಾನಕ್ಕೆ ಮೇಲೇಳುತ್ತದೆ. ಆಗಲೇ ಆರಿಸಬೇಕು. ವರ್ಷಗಟ್ಟಲೆ ನಾನು "ಇನ್ನೊಂಚೂರು ಕುದಿಯಲಿ" ಅಂತ ಕಳಕಳ ಕುದಿಸುತ್ತಿದ್ದೆ. ಅಡುಗೆಮನೆಯೆಲ್ಲಾ ಘಮಘಮ, ತಟ್ಟೆಯಲ್ಲಿ ಮಾತ್ರ ಸಪ್ಪೆ. ಪರಿಮಳವೆಲ್ಲ ಆವಿಯ ಜೊತೆ ಹೊರಟುಹೋಗುತ್ತಿತ್ತು, ಅಷ್ಟೇ.

ಒಗ್ಗರಣೆ ತುಪ್ಪದಲ್ಲೇ. ಸಾಸಿವೆ ಸಿಡಿದ ಮೇಲೆ ಇಂಗು, ಒಂದು ಒಣಮೆಣಸಿನಕಾಯಿ. ಚುಂಯ್ ಅಂತ ಸಾರಿಗೆ ಸುರಿದು ಕೊತ್ತಂಬರಿ ಸೊಪ್ಪು ಉದುರಿಸಿ ತಕ್ಷಣ ಮುಚ್ಚಿಬಿಡಿ. ಐದು ನಿಮಿಷ ತೆಗೆಯಬೇಡಿ.

ಮನೆಯಲ್ಲಿ ಎಲ್ಲರೂ ಮೇಲಿನ ತಿಳಿ ಬಗ್ಗಿಸಿಕೊಂಡು ಲೋಟದಲ್ಲಿ ಕುಡಿಯುತ್ತಾರೆ. ತಳದ ಗಷ್ಟು ನನಗೇ ಉಳಿಯುತ್ತದೆ. ಬಿಸಿ ಅನ್ನಕ್ಕೆ ಅದನ್ನೇ ಕಲಸಿ ಒಂದು ಚಮಚ ತುಪ್ಪ ಹಾಕಿಕೊಂಡರೆ, ಅವರಿಗೆ ತಿಳಿಯೇ ಇರಲಿ ಬಿಡಿ.