ಕಾಲ್ಪನಿಕ ದೇಶದ ಸಾರ್ವತ್ರಿಕ ಚುನಾವಣೆಯನ್ನು ರೂಪಿಸುವ ಬಗೆ

ಕಾದಂಬರಿಗಾಗಲಿ ಆಟಕ್ಕಾಗಲಿ ಒಂದು ದೇಶವನ್ನು ಕಲ್ಪಿಸಿಕೊಂಡವರು, ಅಲ್ಲಿ ಚುನಾವಣೆ ನಡೆಸುವ ಹೊತ್ತಿಗೆ, ಗೆಲ್ಲಬೇಕಾದ ಪಕ್ಷವನ್ನು ಮೊದಲೇ ಆರಿಸಿ ಅದಕ್ಕೆ ಒಪ್ಪುವ ಅಂಕಿಗಳನ್ನು ಆಮೇಲೆ ತುಂಬುವುದುಂಟು. ಈ ಕ್ರಮವನ್ನು ತಿರುವುಮುರುವು ಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲು ನಿಯಮ, ನಂತರ ಭೂಪಟ, ಆಮೇಲೆ ಮತಗಳು. ಫಲಿತಾಂಶವು ಇವು ಮೂರರಿಂದ ತಾನಾಗಿ ಹೊರಬರಬೇಕು.

ನಿಯಮಗಳ ಪೈಕಿ ಮತಗಳನ್ನು ಸ್ಥಾನಗಳಾಗಿ ಪರಿವರ್ತಿಸುವ ವಿಧಾನವೇ ಎಲ್ಲಕ್ಕಿಂತ ಮುಖ್ಯವಾದುದು. ಏಳು ಸ್ಥಾನಗಳಿರುವ ಒಂದು ಪ್ರಾಂತವನ್ನು ತೆಗೆದುಕೊಳ್ಳಿ. ಚಲಾವಣೆಯಾದ 1,00,000 ಮತಗಳಲ್ಲಿ ಹಸಿರು ಪಕ್ಷಕ್ಕೆ 48,000, ನೀಲಿ ಪಕ್ಷಕ್ಕೆ 29,000, ಹಳದಿ ಪಕ್ಷಕ್ಕೆ 14,000, ಬಿಳಿ ಪಕ್ಷಕ್ಕೆ 9,000 ಬಂದಿವೆ ಎಂದಿಟ್ಟುಕೊಳ್ಳಿ. ಪ್ರಾಂತವನ್ನು ಏಳು ಕ್ಷೇತ್ರಗಳಾಗಿ ಒಡೆದು, ಪ್ರತಿಯೊಂದರಲ್ಲೂ ಅತಿ ಹೆಚ್ಚು ಮತ ಪಡೆದವರು ಗೆದ್ದಂತೆ ಎಂದು ಗೊತ್ತುಮಾಡಿದರೆ, ಮತಗಳು ಎಲ್ಲೆಡೆ ಸಮನಾಗಿ ಹರಡಿದ್ದಲ್ಲಿ ಹಸಿರು ಪಕ್ಷವು ಏಳನ್ನೂ ಬಾಚಿಕೊಳ್ಳುತ್ತದೆ. ಅದೇ ಮತಗಳಿಗೆ ಅನುಪಾತೀಯ ಪ್ರಾತಿನಿಧ್ಯದ, ಅಂದರೆ ಮತಗಳ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಹಂಚುವ ಪದ್ಧತಿಯ, ಡಿಹಾಂಟ್ ವಿಧಾನವನ್ನು ಅನ್ವಯಿಸಿ ನೋಡಿ: ಪ್ರತಿ ಪಕ್ಷದ ಮತಗಳನ್ನು 1, 2, 3, 4 ಎಂಬ ಅಂಕೆಗಳಿಂದ ಸಾಲಾಗಿ ಭಾಗಿಸಿ, ಬಂದ ಭಾಗಲಬ್ಧಗಳಲ್ಲಿ ಅತಿ ದೊಡ್ಡ ಏಳನ್ನು ಆರಿಸಿದಾಗ ಹಸಿರಿಗೆ ನಾಲ್ಕು, ನೀಲಿಗೆ ಎರಡು, ಹಳದಿಗೆ ಒಂದು ಸ್ಥಾನ ಸಿಗುತ್ತದೆ, ಬಿಳಿ ಪಕ್ಷಕ್ಕೆ ಏನೂ ಇಲ್ಲ. ಸೆಂಟ್-ಲಾಗ್ಯು ವಿಧಾನದಂತೆ 1, 3, 5, 7 ಎಂಬ ಬೆಸ ಸಂಖ್ಯೆಗಳಿಂದ ಭಾಗಿಸಿದರೆ ಹಸಿರಿನ ನಾಲ್ಕನೆಯ ಸ್ಥಾನ ಬಿಳಿಯ ಕೈಸೇರಿ, 3, 2, 1, 1 ಎಂದಾಗುತ್ತದೆ. ಒಬ್ಬ ಮತದಾರನೂ ಮನಸ್ಸು ಬದಲಿಸಿಲ್ಲ. ಆದರೂ ಹಸಿರು ಪಕ್ಷದ ಬಹುಮತ ಹೋಗಿದೆ. ನಿಮ್ಮ ಕಥೆಯ ರಾಜಕಾರಣಿಗಳು ಈ ನಿಯಮಕ್ಕಾಗಿ ವರ್ಷಗಟ್ಟಲೆ ಜಗಳವಾಡಿದರೆ ಓದುಗರು ಖಂಡಿತ ನಂಬುತ್ತಾರೆ.

ಸಣ್ಣ ಪಕ್ಷಗಳನ್ನು ಹೊರಗಿಡುವ ಕನಿಷ್ಠ ಮತಪ್ರಮಾಣವನ್ನೂ ಇದೇ ಹಂತದಲ್ಲಿ ಗೊತ್ತುಮಾಡಿಕೊಳ್ಳಿ. ಜರ್ಮನಿಯಲ್ಲಿ ಅದು ಶೇ. 5, ಟರ್ಕಿಯಲ್ಲಿ ಬಹುಕಾಲ ಶೇ. 10 ಇದ್ದು, 2022ರಲ್ಲಿ ಶೇ. 7ಕ್ಕೆ ಇಳಿಯಿತು.

ಇನ್ನು ಭೂಪಟ. ಒಂದು ಪಕ್ಷಕ್ಕೆ ಎಷ್ಟು ಮತ ಬಂತು ಎಂಬುದರಷ್ಟೇ, ಆ ಮತಗಳು ಎಲ್ಲಿ ಬಿದ್ದವು ಎಂಬುದೂ ನಿರ್ಣಾಯಕ. ಕೆನಡಾದ 1993ರ ಚುನಾವಣೆಯಲ್ಲಿ, ಅದುವರೆಗೆ ಆಳುತ್ತಿದ್ದ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷಕ್ಕೆ ಶೇ. 16ರಷ್ಟು ಮತ ಬಂದರೂ ದೇಶದಾದ್ಯಂತ ಚದುರಿಹೋಗಿದ್ದರಿಂದ ಗೆದ್ದದ್ದು ಎರಡೇ ಸ್ಥಾನ; ಕ್ವಿಬೆಕ್ ಪ್ರಾಂತದಲ್ಲಿ ಮಾತ್ರ ಸ್ಪರ್ಧಿಸಿದ್ದ ಬ್ಲಾಕ್ ಕ್ವಿಬೆಕ್ವಾ ಅದಕ್ಕಿಂತ ಕಡಿಮೆ ಮತಗಳಿಂದ 54 ಸ್ಥಾನ ಪಡೆದು ಅಧಿಕೃತ ವಿರೋಧ ಪಕ್ಷವಾಯಿತು. ಆದ್ದರಿಂದ ಪಕ್ಷಗಳಿಗೆ ಸಿದ್ಧಾಂತವನ್ನು ಹಂಚುವ ಮೊದಲು ನೆಲೆಯನ್ನು ಹಂಚಿ: ಬಂದರು ಯಾರದು, ಗಣಿ ಪ್ರದೇಶ ಯಾರದು, ಹೊಳೆಯಾಚೆಯ ಭಾಷಿಕರು ಯಾರನ್ನು ನಂಬುತ್ತಾರೆ ಎಂದು ಕ್ಷೇತ್ರವಾರು ಬರೆದುಕೊಳ್ಳಿ. ಕ್ಷೇತ್ರಗಳ ಗಡಿ ಎಳೆಯುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನೂ ಮರೆಯದೆ ನಿರ್ಧರಿಸಿ. ಆಳುವ ಪಕ್ಷದ ಕೈಯಲ್ಲಿದ್ದರೆ ಕಥೆಯೇ ಬೇರೆ.

ಮತದಾನದ ದಿನವನ್ನೂ ಮತ ಹಾಕುವ ರೀತಿಯನ್ನೂ ಆ ಸಮಾಜದ ಬದುಕಿನಿಂದಲೇ ಹುಡುಕಬೇಕು. ಅಮೆರಿಕದಲ್ಲಿ ನವೆಂಬರಿನ ಮೊದಲ ಸೋಮವಾರದ ಮರುದಿನ ಮತದಾನವೆಂದು 1845ರಲ್ಲಿ ಕಾನೂನಾದಾಗ, ಸುಗ್ಗಿ ಮುಗಿದ ರೈತರ ಅನುಕೂಲಕ್ಕೆ ಅದು ಹೊಂದುತ್ತಿತ್ತು. ಅಕ್ಷರ ಬಾರದ ಮತದಾರರು ಹೆಚ್ಚಿದ್ದ ಗ್ಯಾಂಬಿಯಾದಲ್ಲಿ ಗಾಜಿನ ಗೋಲಿಯನ್ನು ಅಭ್ಯರ್ಥಿಯ ಬಣ್ಣ ಬಳಿದ ಡ್ರಮ್ಮಿನೊಳಕ್ಕೆ ಹಾಕುವ ಪದ್ಧತಿ ಬಂತು. ಗೋಲಿ ಒಳಗಿನ ಗಂಟೆಗೆ ತಗುಲಿ ಸದ್ದಾಗುವುದರಿಂದ, ಒಬ್ಬರು ಎರಡು ಸಲ ಮತ ಹಾಕಿದರೆ ಹೊರಗಿದ್ದ ಅಧಿಕಾರಿಗೆ ತಿಳಿದುಬಿಡುತ್ತದೆ. ಇಂಥ ಒಂದು ವಿವರವು ಪುಟಗಟ್ಟಲೆ ಪ್ರಚಾರ ಭಾಷಣಗಳಿಗಿಂತ ಹೆಚ್ಚು ಬೆಲೆಬಾಳುತ್ತದೆ. ಮತದಾರರ ಪಟ್ಟಿಯಿಂದ ಯಾರ ಹೆಸರು ಬಿಟ್ಟುಹೋಗಿದೆ ಎಂಬುದನ್ನು ಮಾತ್ರ ಅವಸರದಲ್ಲಿ ದಾಟಬೇಡಿ, ಏಕೆಂದರೆ ಮತದ ಹಕ್ಕಿಲ್ಲದವರ ಕಡೆಯಿಂದ ನೋಡಿದಾಗಲೇ ಆ ದೇಶದ ನಿಜಸ್ವರೂಪ ಕಾಣುತ್ತದೆ.

ಇಷ್ಟಾದ ಮೇಲೆ ಮತಗಳನ್ನು ಕ್ಷೇತ್ರವಾರು ತುಂಬಿ, ನೀವೇ ಮಾಡಿದ ನಿಯಮದಂತೆ ಎಣಿಸಿ. ಬಂದ ಫಲಿತಾಂಶ ಹಿಡಿಸದಿದ್ದರೆ ಅಂಕಿಗಳನ್ನು ತಿದ್ದಬೇಡಿ. ಬರಗಾಲ, ಒಡೆದ ಮೈತ್ರಿ, ತಡವಾಗಿ ಕಣಕ್ಕಿಳಿದ ಅಭ್ಯರ್ಥಿ ಹೀಗೆ ಮತ ಕದಲಿಸಬಲ್ಲ ಕಾರಣವೊಂದನ್ನು ಸೇರಿಸಿ ಮತ್ತೆ ಎಣಿಸಿ.

ಯಾರಿಗೂ ಬಹುಮತ ಬಾರದಿದ್ದರೆ ಮುಂದೇನು ಎಂಬ ನಿಯಮವೂ ಸಿದ್ಧವಿರಲಿ. ಮೊದಲ ಆಹ್ವಾನ ಯಾರಿಗೆ, ಅದನ್ನು ಕೊಡುವವರು ಯಾರು, ಗಡುವು ಎಷ್ಟು ದಿನ, ಅಲ್ಲಿಯವರೆಗೆ ಹಳೆಯ ಮಂತ್ರಿಮಂಡಲಕ್ಕೆ ಯಾವ ಅಧಿಕಾರಗಳು ಉಳಿಯುತ್ತವೆ ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳಿ. ಬೆಲ್ಜಿಯಂನಲ್ಲಿ 2010ರ ಜೂನ್ ಚುನಾವಣೆಯ ನಂತರ ಹೊಸ ಸರ್ಕಾರ ರಚನೆಯಾಗಲು 541 ದಿನಗಳು ಹಿಡಿದವು. ಆ ಅವಧಿಯಲ್ಲಿ ದೇಶವನ್ನು ನಡೆಸಿದ್ದು ಹಂಗಾಮಿ ಸರ್ಕಾರ.